ಲಕ್ಷ್ಮವ್ವನ ಮನೆಯ ಕೊಸರು

ಮಂಗೋರ್ ಹಿಲ್‌ನ ಕುಡಿಯುವ ನೀರಿನ ಅರ್ಜಿ ಉಪಕಚೇರಿಯಲ್ಲಿ ಐದು ಎಂದರೆ ಆರು. ಈ ಪದ್ಧತಿ ಕಳೆದ ಮಾರ್ಚ್ ಒಂದರಿಂದ ಜಾರಿಯಲ್ಲಿದೆ.

ಅಂದು ಕಚೇರಿಗೆ 'ಗಣಕಬಂಧು' ಎಂಬ ಮಾತನಾಡುವ ಯಂತ್ರ ಬಂತು. ಉದ್ಘಾಟನೆಗೆ ರಿಬ್ಬನ್ ಇತ್ತು, ಕಾಜು ಕತಲಿ ಇತ್ತು, ಕುಡಿಯಲು ನೀರಿರಲಿಲ್ಲ. ಅರ್ಜಿದಾರರು ಮನೆಯವರ ವಿವರ ಹೇಳಬೇಕು, ಯಂತ್ರ ತಲೆ ಎಣಿಸಬೇಕು, ಎಣಿಕೆ ತಾಳೆಯಾದರೆ ನಳ ಮಂಜೂರು.

ಮೊದಲ ಅರ್ಜಿ ಲಕ್ಷ್ಮವ್ವನದು. ಗಂಡ ಮಲಕಪ್ಪ ಮುರ್ಮುಗಾಂವ್ ಬಂದರಿನಲ್ಲಿ ಚೀಲ ಹೊರುತ್ತಾನೆ. ಮೂವರು ಹೆಣ್ಣುಮಕ್ಕಳು. ಹಿರಿಯವಳು ಶೈಲಾ, ಹತ್ತನೇ ತರಗತಿ. ದಿನಾ ಬೆಳಿಗ್ಗೆ ಗುಡ್ಡದ ಕೆಳಗಿನಿಂದ ಎರಡು ಕೊಡ ನೀರು ಹೊತ್ತು ಅವಳು ಶಾಲೆ ಮುಟ್ಟುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತದೆ. ಆ ಪಾಠ ಗಣಿತ. ಪರೀಕ್ಷೆಯ ಒಳಗೆ ಮನೆಗೊಂದು ನಳ ಬರಲಿ ಎಂಬುದಷ್ಟೇ ಲಕ್ಷ್ಮವ್ವನ ಆಸೆ.

ಗಂಡ, ತಾನು, ಮೂರು ಮಕ್ಕಳು ಎಂದು ಅವಳು ಯಂತ್ರಕ್ಕೆ ಹೇಳಿದಳು.

"ಒಟ್ಟು ಆರು ಜನ. ಧನ್ಯವಾದಗಳು," ಎಂದಿತು ಯಂತ್ರ.

ಲಕ್ಷ್ಮವ್ವ ಬೆರಳು ಮಡಿಸಿ ಎಣಿಸಿ ತೋರಿಸಿದಳು. ಯಂತ್ರ ಬಹಳ ವಿನಯವಂತ. "ಕ್ಷಮಿಸಿ, ನೀವು ಹೇಳಿದ್ದೇ ಸರಿ. ನೀವು ಐದು ಜನ. ಆದ್ದರಿಂದ ಒಟ್ಟು ಆರು."

ಕಚೇರಿಯ ಮುಖ್ಯಸ್ಥ ಕುಬೇರ ಸಾಹೇಬರು ಅರ್ಜಿಯನ್ನು ವಾಪಸು ಸರಿಸಿ, ಆರನೆಯವರನ್ನು ಕರೆತರಲು ಹೇಳಿದರು.

ದೂರು ಹೋಗಿ, ಪಣಜಿಯಿಂದ ಇಂಜಿನಿಯರ್ ಫರ್ಹೀನ ಮೇಡಂ ತನಿಖೆಗೆ ಬಂದರು. ಅವರ ವರದಿ ಸ್ಪಷ್ಟವಾಗಿತ್ತು. ಯಂತ್ರ ಲೆಕ್ಕ ಮಾಡುವುದಿಲ್ಲ. ಸಾವಿರಾರು ಜನರ ಮಾತು ಕೇಳಿಸಿಕೊಂಡು, ಒಂದು ಮಾತಿನ ಹಿಂದೆ ಸಾಮಾನ್ಯವಾಗಿ ಯಾವ ಮಾತು ಬರುತ್ತದೋ ಅದನ್ನು ಹೇಳುತ್ತದೆ. ಈ ಭಾಗದ ಕನ್ನಡ ಕಲಿಸಲೆಂದು ಅದಕ್ಕೆ ಮ್ಹಾಪಸಾದ ಶುಕ್ರವಾರದ ಸಂತೆಯ ಮಾತನ್ನು ಆರು ತಿಂಗಳು ಕೇಳಿಸಲಾಗಿದೆ. ಅಲ್ಲಿ ಐದು ಎಣಿಸಿದವರು ಯಾರೂ ಐದಕ್ಕೇ ನಿಂತ ದಾಖಲೆ ಇಲ್ಲ. ಯಂತ್ರದಲ್ಲಿ ದೋಷ ಕಂಡುಬಂದಿಲ್ಲ.

ಆ ಸಂತೆಯಲ್ಲಿ ಹನ್ನೊಂದು ವರ್ಷದಿಂದ ನಿಂಬೆಹಣ್ಣು ಮಾರುವವಳು ಲಕ್ಷ್ಮವ್ವನೇ. ಐದು ಎಣಿಸಿ ಚೀಲಕ್ಕೆ ಹಾಕಿ, ಕೇಳದಿದ್ದರೂ ಮೇಲೊಂದು ಕೊಸರು ಹಾಕುವ ಕೈ ಅವಳದೇ. ಅವಳಿಗೆ ನಾಚಿಕೆಯಾಯಿತು. ಸ್ವಲ್ಪ ಹೆಮ್ಮೆಯೂ ಆಯಿತು, ಅದನ್ನೇಕೆ ಮುಚ್ಚಿಡಬೇಕು.

"ಕೊಸರು ಹಾಕೋದು ನಿಂಬಿಹಣ್ಣಿಗ್ರಿ ಸಾಹೇಬ್ರ, ಮಂದಿಗೆ ಅಲ್ಲ," ಎಂದಳು.

ನಿಂಬೆಹಣ್ಣಿಗೊಂದು, ಮಂದಿಗೊಂದು ಎಂದು ನಿಯಮದಲ್ಲಿ ಪ್ರತ್ಯೇಕ ಅವಕಾಶವಿಲ್ಲ ಎಂದರು ಸಾಹೇಬರು. ಮೇಜಿನ ಮೇಲೊಂದು ಹಳೆಯ ಕ್ಯಾಲ್ಕುಲೇಟರ್ ಇತ್ತು. ಫರ್ಹೀನ ಮೇಡಂ ಒತ್ತಿ ನೋಡಿದರು. ಐದು ಎಂದು ತೋರಿಸಿತು. ಕಚೇರಿಯಲ್ಲಿ ಭಿನ್ನಾಭಿಪ್ರಾಯ ಹುಟ್ಟಿಸುತ್ತದೆ ಎಂಬ ಕಾರಣಕ್ಕೆ ಅದನ್ನು ಅಂದೇ ಕಪಾಟಿನಲ್ಲಿಟ್ಟು ಬೀಗ ಹಾಕಲಾಯಿತು.

ಮರುದಿನ ಗೋಡೆಗೆ ಸುತ್ತೋಲೆ ಅಂಟಿತು: "ಕುಟುಂಬದ ಸಂಖ್ಯೆಯು ಯಂತ್ರದ ಉತ್ತರಕ್ಕೆ ಹೊಂದದಿದ್ದಲ್ಲಿ, ಹದಿನೈದು ದಿನದೊಳಗೆ ಕುಟುಂಬವನ್ನು ತಿದ್ದಿಕೊಳ್ಳತಕ್ಕದ್ದು."

ಹದಿನಾಲ್ಕನೆಯ ದಿನ ಮಲಕಪ್ಪ ತನ್ನ ಜೊತೆ ಚೀಲ ಹೊರುವ ಪರಶುವನ್ನು ಕರೆತಂದ. ಪರಶುವಿಗೆ ಮದುವೆಯಾಗಿಲ್ಲ, ಹಿಂದೆ ಮುಂದೆ ಯಾರಿಲ್ಲ. ಸಂಬಂಧ ಏನೆಂದು ಬರೆಯಲಿ ಎಂದು ಸಾಹೇಬರು ಕೇಳಿದರು. ಮಲಕಪ್ಪ ತುಸು ಯೋಚಿಸಿ, "ಕೊಸರು ಅಂತ ಬರೀರಿ," ಎಂದ. ಹಾಗೆಯೇ ಬರೆದು ಗುಂಡು ಮೊಹರು ಒತ್ತಲಾಯಿತು. ಅಂದಿನಿಂದ ಪರಶು ಊಟಕ್ಕೂ ಲಕ್ಷ್ಮವ್ವನ ಮನೆಗೇ ಬರುತ್ತಾನೆ, ಮನೆಯ ಸದಸ್ಯನಲ್ಲವೇ.

ಅಂತಿಮ ಪರಿಶೀಲನೆಯ ದಿನ ಆರೂ ಜನ ಸಾಲಾಗಿ ನಿಂತರು. ಯಂತ್ರ ಒಬ್ಬೊಬ್ಬರ ಹೆಸರನ್ನೂ ಗೌರವದಿಂದ ಓದಿತು.

"ಒಟ್ಟು ಏಳು ಜನ. ಧನ್ಯವಾದಗಳು."

ಯಾರಿಗೂ ಆಶ್ಚರ್ಯವಾಗಲಿಲ್ಲ. ಕುಬೇರ ಸಾಹೇಬರು ಪೆನ್ನು ಎತ್ತಿಕೊಂಡು, ಏಳನೆಯವರು ಎಲ್ಲಿ ಎಂದು ಕೇಳಿದರು. ಲಕ್ಷ್ಮವ್ವ ಶೈಲಾಳ ಕಡೆ ನೋಡಿದಳು. ಹುಡುಗಿಯ ಭುಜದ ಮೇಲೆ ಕೊಡ ಕೂತ ಗುರುತು ಕೆಂಪಗಿತ್ತು. ಆಮೇಲೆ ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದಳು:

"ನಳದಾಗ ನೀರು ಬರೋ ದಿನಾ ಅವರೂ ಬರ್ತಾರ್ರಿ."

ಸಾಹೇಬರಿಗೆ ಉತ್ತರ ಸಮಂಜಸವೆನಿಸಿತು. "ಏಳನೆಯ ಸದಸ್ಯರು ನೀರಿನೊಂದಿಗೆ ಆಗಮಿಸಲಿದ್ದಾರೆ" ಎಂದು ಬರೆದು ಸಹಿ ಹಾಕಿದರು.

ಮುಂದಿನ ವಾರ ನಳ ಕೂರಿಸಿದರು. ಎಲ್ಲರೂ ಏಳನೆಯವರ ದಾರಿ ಕಾಯುತ್ತಿದ್ದಾರೆ. ಶೈಲಾ ಈಗಲೂ ಬೆಳಿಗ್ಗೆ ಎರಡು ಕೊಡ ಹೊರುತ್ತಾಳೆ. ಪರಶುವಿನ ಪಾಲಿಗೆ ಇನ್ನೊಂದು.