ಮಿದುಳಿನ ಅತ್ತೆ

ನಮ್ಮ ಸೋದರತ್ತೆಗೆ ಮನುಷ್ಯರು ಕಾಣುವುದಿಲ್ಲ, ಬರೀ ತಲೆಗಳು ಕಾಣುತ್ತವೆ! ಹೈದರಾಬಾದಿನಲ್ಲಿ ಆಕೆಯದು ಮಿದುಳಿನ ಸಂಶೋಧನೆ. ತಲೆಗೆ ಪೆಟ್ಟು ಬಿದ್ದಾಗ, ವಯಸ್ಸಾದಾಗ ಮಿದುಳಿನ ಜೀವಕೋಶಗಳು ಯಾಕೆ ಸಾಯುತ್ತವೆ, ಸಾಯದಂತೆ ಕಾಯುವ ಔಷಧಿ ಸಿಗುತ್ತದೆಯೇ ಎಂದು ಇಲಿಗಳ ಮೇಲೆ ನೋಡುತ್ತಾಳೆ. ಔಷಧಿ ಕುಡಿದ ಇಲಿಗಳು ದಾರಿ ಮರೆಯುವುದು ಕಡಿಮೆಯಂತೆ. ನಮ್ಮೂರು ಆದೋನಿಗೆ ಬಂದಾಗ ಇಲಿಗಳ ಬದಲು ನಾವು!

ಆಕೆಯನ್ನು ನೋಡಲು ಎಮ್ಮಿಗನೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಚಹಾ ಎತ್ತುವ ಮೊದಲೇ ಈಕೆ, ಯಾವತ್ತಾದರೂ ಬೈಕಿನಿಂದ ಬಿದ್ದಿದ್ದಿರಾ, ಎಚ್ಚರ ತಪ್ಪಿತ್ತಾ ಎಂದು ಶುರು ಮಾಡಿದಳು. ಬಿದ್ದಿದ್ದ, ಪಾಪ! ಅದು ಅವನ ತಾಯಿಗೆ ಗೊತ್ತಿರಲಿಲ್ಲ. ಸಂಬಂಧ ಅಲ್ಲಿಗೇ ಮುಗಿಯಿತು. ಆದರೆ ತಲೆನೋವು ಬಂದರೆ ಆ ಹುಡುಗ ಈಗಲೂ ಅತ್ತೆಗೇ ಫೋನ್ ಮಾಡುತ್ತಾನೆ.

ದಸರೆಗೆ ನಮ್ಮ ಕಡೆ ಬೆಟ್ಟದಲ್ಲಿ, ಉತ್ಸವಮೂರ್ತಿ ತಮ್ಮೂರಿಗೇ ಬರಬೇಕೆಂದು ಸುತ್ತಲ ಊರಿನವರು ಕೋಲು ಹಿಡಿದು ಬಡಿದಾಡುವುದು ಗೊತ್ತಲ್ಲ? ತಲೆ ಒಡೆದರೆ ಭಂಡಾರದ ಅರಿಶಿನ ಒತ್ತಿಕೊಂಡು ಮತ್ತೆ ನುಗ್ಗುತ್ತಾರೆ. ಒಂದು ವರ್ಷ ಅತ್ತೆ ಆಟೋ ತುಂಬ ಹೆಲ್ಮೆಟ್ ಹೇರಿಕೊಂಡು ಹೋದಳು. ಎಲ್ಲರೂ ಭಕ್ತಿಯಿಂದ ಇಸಿದುಕೊಂಡರು. ಹೆಲ್ಮೆಟ್ಟಿಗೆ ಭಂಡಾರ ಬಳಿದರು, ಕಾಯಿ ಒಡೆದರು, ಸಾಲಾಗಿ ದೇವರ ಮುಂದಿಟ್ಟು ಬರಿತಲೆಯಲ್ಲಿ ಕಾಳಗಕ್ಕೆ ಹೋದರು! ಮರುದಿನ ಆಕೆ ಬ್ಯಾಂಡೇಜು ಕಟ್ಟಿಕೊಂಡವರನ್ನೆಲ್ಲ ಹಿಡಿದು, ಇವತ್ತು ಯಾವ ವಾರ ಎಂದು ಕೇಳುತ್ತ ಮನೆ ಮನೆ ತಿರುಗಿದಳು. ಒಬ್ಬ ತಪ್ಪು ಹೇಳಿದ. ಅವನ ಮನೆಯವರೊಂದಿಗೆ ಜಗಳವಾಡಿ ಕರ್ನೂಲಿನ ಆಸ್ಪತ್ರೆಗೆ ಹೊತ್ತೊಯ್ದಳು. ಅವನೀಗ ಪತ್ತಿಕೊಂಡದಲ್ಲಿ ಟೊಮೆಟೊ ವ್ಯಾಪಾರ ಮಾಡುತ್ತ ಆರಾಮಾಗಿದ್ದಾನೆ. ಈಕೆ ನಮ್ಮತ್ತೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಹೆಮ್ಮೆ ಕಣ್ರೀ, ಏನು ಮಾಡಲಿ!

ಆಕೆಗೆ ಇಷ್ಟೆಲ್ಲ ಅವಸರ ತಾತನಿಂದಾಗಿ. ಆಕೆಯ ಅಪ್ಪ, ಆದೋನಿಯ ಹತ್ತಿ ವ್ಯಾಪಾರಿ, ಈಗ ಒಂದೊಂದೇ ಹೆಸರು ಮರೆಯುತ್ತಿದ್ದಾರೆ. ಔಷಧಿ ಇಲಿಗಳನ್ನು ದಾಟಿ ಮನುಷ್ಯರಿಗೆ ಬರಲು ಎಷ್ಟೋ ವರ್ಷ ಬೇಕು. ತಾತನ ಹತ್ತಿರ ಅಷ್ಟಿಲ್ಲ. ಅದು ಅತ್ತೆಗೆ ನಮಗಿಂತ ಚೆನ್ನಾಗಿ ಗೊತ್ತು.

ಕಳೆದ ಸಂಕ್ರಾಂತಿಗೆ ಬಂದವಳು ತಾತನ ಪಕ್ಕ ಕೂತು, ನಾನು ಯಾರು ಹೇಳಪ್ಪಾ ಎಂದಳು. ತಾತ ಆಕೆಯ ಮುಖ ನೋಡಿ, ಹೊರಗಿನವರಿಗೆ ಕೊಡುವ ಮರ್ಯಾದೆಯಲ್ಲಿ ಹೇಳಿದರು:

"ಗೊತ್ತಾಗವಲ್ದವ್ವಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನ್ ಮಗಳು ಮಿದುಳಿಗೆ ಔಷಧಿ ಮಾಡಾಕತ್ಯಾಳ. ಭಾಳ ಶಾಣ್ಯಾಕಿ. ಆಕಿ ಬರ್ಲಿ, ಆಮ್ಯಾಲೆ ನಿಮ್ ಹೆಸರು ಹೇಳ್ತೀನಿ."

ಅತ್ತೆ ತಾತನ ಕೈ ಹಿಡಿದುಕೊಂಡು, "ಬರ್ತಾಳ್ರಿ," ಎಂದಳು.

ರಜೆ ಇನ್ನೂ ಉಳಿದಿತ್ತು. ಮರುದಿನ ಬೆಳಗಿನ ಬಸ್ಸಿಗೇ ಹೈದರಾಬಾದಿಗೆ ಹೊರಟಳು.