ಎಡಗಾಲಿನ ಕರಕರ

ಕಸುಬು ರಕ್ತದಲ್ಲೇ ಬರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಮನೆತನದಲ್ಲಿ ಅಜ್ಜ, ಮುತ್ತಜ್ಜ, ಅವರ ಹಿಂದಿನವರು ಎಲ್ಲರೂ ಚಪ್ಪಲಿ ಹೊಲಿದವರೇ. ಗೋಕಾಕದಲ್ಲಿ ನಮ್ಮ ಅಪ್ಪ ಹೊಲಿದ ಜೋಡು ಮೆಟ್ಟಿದವರು ಎದೆ ಸೆಟೆಸಿಕೊಂಡು ನಡೆಯುತ್ತಾರೆ. ಈ ಲೆಕ್ಕದಲ್ಲಿ ನನ್ನ ಮೈಯಲ್ಲಿ ರಕ್ತದ ಬದಲು ತೊಗಲು ಹದಮಾಡುವ ಜಾಲಿ ತೊಗಟೆಯ ನೀರೇ ಹರಿಯಬೇಕಿತ್ತು. ಆದರೆ ಮೂಡಲಗಿಯ ಶಾಲೆಯಲ್ಲಿ ಮಾಸ್ತರನಾಗಿರುವ ನಾನು ಚಪ್ಪಲಿಯ ಬಾರು ಕಿತ್ತರೆ ಪಿನ್ನು ಚುಚ್ಚಿಕೊಂಡು ನಡೆಯುವ ಗಿರಾಕಿ! ಇದು ಮೊದಲು ಊರವರಿಗೆ ಗೊತ್ತಿರಲಿಲ್ಲ. ನಮ್ಮ ಹೆಡ್ ಮಾಸ್ತರರು ಹರಿದ ಚರ್ಮದ ಚೀಲ ತಂದು, "ಮಾಸ್ತರ, ಇದಕ್ಕೊಂದೆರಡು ಹೊಲಿಗಿ ಹಾಕ್ರಿ, ನಿಮಗೇನ್ ದೊಡ್ಡದಲ್ಲ" ಎಂದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ನಾನು ಗುಟ್ಟಾಗಿ ಪೇಟೆಯಲ್ಲಿ ಹೊಲಿಸಿಕೊಂಡು ಬಂದು ಕೊಡುತ್ತಿದ್ದೆ. "ನೋಡ್ರಿ, ರಕ್ತ ಎಲ್ಲಿಗೆ ಹೋಗತೈತಿ!" ಎಂದು ಅವರು ಚೀಲ ತಟ್ಟುತ್ತಿದ್ದರು. ನಾನೂ ವಿನಯದಿಂದ ತಲೆ ಬಾಗಿಸುತ್ತಿದ್ದೆ. ಹೊಗಳಿಕೆ ಯಾರದಾದರೇನು, ಕಿವಿಗೆ ಬಿದ್ದರೆ ಹಿತವಾಗಿಯೇ ಇರುತ್ತದೆ.

ತಪ್ಪು ನನ್ನದಲ್ಲ. ಅಪ್ಪ ನನಗೆ ಎಂದೂ ಉಳಿ ಮುಟ್ಟಗೊಡಲಿಲ್ಲ. ಚಿಕ್ಕವನಿದ್ದಾಗ ಅವನ ಮುಂದೆ ಕುಳಿತು ತೊಗಲು ಕೊಯ್ಯುವ ರಂಪಿಗೆಯ ಮೇಲೆ ಕೈಯಿಟ್ಟರೆ ಸಾಕು, "ಕೈ ತಗೀ! ಆ ಕೈಯಾಗ ಬಳಪ ಇರಬೇಕು" ಎಂದು ಗದರುತ್ತಿದ್ದ. ಹೀಗಾಗಿ ನಾನು ಬಳಪ ಹಿಡಿದೆ, ಆಮೇಲೆ ಸೀಮೆಸುಣ್ಣ ಹಿಡಿದೆ, ಈಗ ಸಣ್ಣ ಮಕ್ಕಳ ಕಿವಿ ಹಿಡಿಯುತ್ತಿದ್ದೇನೆ.

ನಮ್ಮ ಅಪ್ಪನ ಜೋಡಿನ ಹೆಚ್ಚುಗಾರಿಕೆ ಅದರ ಸಪ್ಪಳದಲ್ಲಿದೆ. ನಮ್ಮ ಕಡೆ ಸಪ್ಪಳ ಮಾಡದ ಚಪ್ಪಲಿಯನ್ನು ಗಂಡಸರು ಚಪ್ಪಲಿ ಎಂದೇ ಎಣಿಸುವುದಿಲ್ಲ. ಹೆಜ್ಜೆ ಇಟ್ಟರೆ ಕರ್ರ್ ಎನ್ನಬೇಕು, ಎತ್ತಿದರೆ ಮತ್ತೆ ಕರ್ರ್ ಎನ್ನಬೇಕು, ಮನುಷ್ಯ ಓಣಿಯ ತಿರುವಿನಲ್ಲಿ ಇರುವಾಗಲೇ ಮನೆಯಲ್ಲಿ ಚಹಾಕ್ಕೆ ನೀರು ಇಡಬೇಕು. ಕೊಂಡಿ ಬಾಗಿದ ಚೇಳಿನಂತೆ ಕಾಣುವ ಒಂದು ಕಾಡುಕಾಯಿ ಇದೆ. ಅದರ ಒಣಗಿದ ಬೀಜವನ್ನು ಪಾದದಡಿಯ ಎರಡು ಅಟ್ಟೆಗಳ ನಡುವೆ ಇಟ್ಟು ಹೊಲಿದರೆ ಈ ನಾದ ಹೊರಡುತ್ತದೆ. ಎಲ್ಲಿ ಇಡಬೇಕು, ಹೇಗೆ ಇಡಬೇಕು ಎನ್ನುವುದೇ ವಿದ್ಯೆ. ಮೇಲವಂಕಿಯ ಕುರಿಗಾರ ಲಕ್ಕಪ್ಪ, ಅಪ್ಪನ ಹಳೆಯ ಗಿರಾಕಿ, ತನ್ನ ಕುರಿಗಳು ಸೀಟಿಗಿಂತ ಚಪ್ಪಲಿಯ ಕರಕರಕ್ಕೇ ಹೆಚ್ಚು ಮರ್ಯಾದೆ ಕೊಡುತ್ತವೆ ಎಂದು ಸಂತೆಯಲ್ಲಿ ನಿಂತು ಹೇಳುತ್ತಿದ್ದ. ಅಪ್ಪ ಆಗ ಕೇಳಿಸದವನಂತೆ ಮೀಸೆ ತಿರುವುತ್ತಿದ್ದ. ವಿನಯ ಎನ್ನುವುದು ಅವನ ಜಾಯಮಾನದಲ್ಲೇ ಇಲ್ಲ.

ಇಷ್ಟೆಲ್ಲ ಇದ್ದವನ ಸ್ವಂತ ಚಪ್ಪಲಿ ಮಾತ್ರ ಮೂಕ. ಎಷ್ಟೇ ಹೊಸದಿರಲಿ, ಬೆಕ್ಕು ನಡೆದ ಹಾಗೆ ನಡೆಯುತ್ತಿದ್ದ. ಕಾರಣ ನನಗೆ ಗೊತ್ತು. ಸ್ವಾತಂತ್ರ್ಯಕ್ಕೆ ಮುಂಚೆ, ನಾನು ಅವನ ಬೆರಳು ಹಿಡಿದು ನಡೆಯುತ್ತಿದ್ದ ಕಾಲದಲ್ಲಿ, ದೊಡ್ಡವರ ಓಣಿ ಬಂತೆಂದರೆ ಅಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಆ ಓಣಿಯವರ ಕಾಲಲ್ಲಿ ಕರಕರ ಎನ್ನುತ್ತಿದ್ದುದು ಅವನೇ ಹೊಲಿದ ಜೋಡು!  ಈಗ ಯಾರೂ ಅವನಿಗೆ ಚಪ್ಪಲಿ ಕಳಚು ಎನ್ನುವುದಿಲ್ಲ. ಆದರೂ "ಯಪ್ಪಾ, ನಿನ್ನ ಜೋಡಿಗೂ ಒಂದು ಬೀಜ ಇಡಬಾರ್ದೇನು" ಎಂದರೆ, "ನಾ ಬರೂದು ಊರಿಗೆಲ್ಲಾ ಯಾಕ ಗೊತ್ತಾಗಬೇಕು? ರೂಢಿ ಇಲ್ಲಪಾ" ಎಂದು ಮಾತು ತೇಲಿಸುತ್ತಿದ್ದ.

ಅಷ್ಟರಲ್ಲಿ ನಮ್ಮ ಶಾಲೆಯ ಗ್ಯಾದರಿಂಗು ಬಂತು. ಮಕ್ಕಳ ನಾಟಕ, ಭಾಷಣ, ಬಹುಮಾನ ಎಲ್ಲ ಇರುವ ವರ್ಷದ ದೊಡ್ಡ ಸಮಾರಂಭ ಅದು. ಹೆಡ್ ಮಾಸ್ತರರು ಈ ಸಲ ಎಲ್ಲ ಮಾಸ್ತರರ ತಂದೆ ತಾಯಿಗಳೂ ಬರಬೇಕು, ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕುತ್ತೇವೆ ಎಂದು ಸಾರಿಬಿಟ್ಟರು.  ಅಪ್ಪ ಬರುತ್ತಾನೆ, ಅದು ಖಾತ್ರಿ. ಆದರೆ ಯಾರಿಗೂ ಗೊತ್ತಾಗದಂತೆ ಬಂದು ಪೆಂಡಾಲಿನ ಕಂಬದ ಹಿಂದೆ ನೆಲಕ್ಕೆ ಕುಳಿತು ಹಾಗೇ ಎದ್ದು ಹೋಗುತ್ತಾನೆ, ಅದೂ ಖಾತ್ರಿ. ಹಾಗಾಗಬಾರದು! ಕರ್ರ್ ಕರ್ರ್ ಎಂದು ಇಡೀ ಪೆಂಡಾಲಿಗೆ ಕೇಳುವಂತೆ ಅವನು ಬರಬೇಕು! ತಾನು ತನಗಾಗಿ ಅಂಥ ಜೋಡು ಹೊಲಿದುಕೊಳ್ಳುವವನಲ್ಲ. ಬೇರೆಯವರು ಹೊಲಿದದ್ದನ್ನು ಜಂಬಕ್ಕಾಗಿ ಮೆಟ್ಟುವವನಲ್ಲ. ಮಗ ಹೊಲಿದುಕೊಟ್ಟರೆ? ಬೇಡ ಎನ್ನಲು ಬಾಯಿ ಬರಲಿಕ್ಕಿಲ್ಲ. ಈ ಯುಕ್ತಿ ಹೊಳೆದಾಗ ನನ್ನ ಜಾಣತನಕ್ಕೆ ನಾನೇ ಬೆರಗಾದೆ. ನನಗೆ ಹೊಲಿಯಲು ಬರುವುದಿಲ್ಲ ಎನ್ನುವ ಸಣ್ಣ ಸಂಗತಿ ಆ ಸಂಭ್ರಮದಲ್ಲಿ ನೆನಪಾಗಲಿಲ್ಲ.

ನೆನಪು ಮಾಡಿಕೊಟ್ಟವಳು ನನ್ನ ಹೆಂಡತಿ ಶೇವಂತಾ. ಅವಳು ಹುಕ್ಕೇರಿ ಕಡೆಯವಳು, ಚಪ್ಪಲಿ ಹೊಲಿಯುವವರ ಮಗಳು. ಅಟ್ಟೆ ಕೊಯ್ದು ಜೋಡಿಸುವುದು ಗಂಡಸರ ಪಾಲು, ಮೇಲಿನ ಪಟ್ಟಿಗೆ ಸಣ್ಣ ಬಾರಿನ ಹೆಣಿಗೆ ಹಾಕುವುದು ಹೆಂಗಸರ ಪಾಲು. ಅವಳು ಮದುವೆಗೆ ಮುಂಚೆಯೇ ಆ ಹೆಣಿಗೆಯಲ್ಲಿ ಪಳಗಿದವಳು. "ಪಟ್ಟಿ ನಾ ಹೆಣೀತೇನಿ. ಆದ್ರ ಅಟ್ಟಿ ಯಾರು ಹೊಲ್ಯಾವ್ರು?" ಎಂದಳು. ನಾನು ಎದೆ ಮುಟ್ಟಿಕೊಂಡು, "ನಾನು! ನಮ್ಮ ರಕ್ತದಾಗ ಐತಿ" ಎಂದೆ. "ರಕ್ತದಾಗ ಇದ್ರ ಉಪಯೋಗ ಇಲ್ರಿ, ಬೆರಳಾಗ ಇರಬೇಕು" ಎಂದಳು. ಇಷ್ಟು ನೇರವಾಗಿ ಮಾತಾಡುವ ಹೆಂಗಸನ್ನು ನನಗೆ ಹುಡುಕಿ ತಂದವನೂ ನಮ್ಮ ಅಪ್ಪನೇ.

ಹತ್ಯಾರಕ್ಕೆ ಹುಕ್ಕೇರಿಗೆ ಹೋದೆ. ಅಪ್ಪನ ಹತ್ತಿರ ಕೇಳಿದರೆ ಗುಟ್ಟು ಬಯಲಾಗುತ್ತದಲ್ಲ! ನಮ್ಮ ಮಾವ ರಂಪಿಗೆ, ಉಳಿ, ಮೇಣ ತಿಕ್ಕಿದ ದಾರ, ಮರದ ಕೊಡತಿ ಎಲ್ಲವನ್ನೂ ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ, ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಕೈಗಿತ್ತರು. "ಲಗ್ನದಾಗ ನಿಮಗ ಗಡಿಯಾರ ಕೊಟ್ವಿ. ಇದನ್ನ ಕೊಡಬೇಕಾಗಿತ್ತು ನೋಡ್ರಿ ಅಳಿಯಂದ್ರ" ಎಂದು ಕಣ್ಣು ಒರೆಸಿಕೊಂಡರು. ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ನನಗೆ ಆದ ಖುಷಿ ನೌಕರಿಯ ಆರ್ಡರು ಕೈಗೆ ಬಂದ ದಿನವೂ ಆಗಿರಲಿಲ್ಲ. ಉಳಿಯ ತುದಿ ಗಂಟಿನಿಂದ ಹೊರಬಂದು ತೊಡೆಗೆ ಚುಚ್ಚುತ್ತಿತ್ತು. ಅದೂ ಸುಖವೆನಿಸಿತು.

ಮುಂದಿನ ಫಜೀತಿ ಅಳತೆಯದು. ಗೋಕಾಕದ ಗಿರಾಕಿಗಳ ಕಾಲಿನ ಅಳತೆಯನ್ನು ದೂರದಿಂದಲೇ ಹೇಳುವ ಮನುಷ್ಯನ ಕಾಲಿಗೆ ಅವನಿಗೇ ತಿಳಿಯದಂತೆ ದಾರ ಹಿಡಿಯುವುದು ಹೇಗೆ? ರವಿವಾರ ಗೋಕಾಕಕ್ಕೆ ಹೋದೆ. ಅಪ್ಪ ಸ್ನಾನ ಮುಗಿಸಿ ಬಚ್ಚಲಿನ ಕಲ್ಲಿನ ಮೇಲೆ ನಿಂತು ಮೈ ಒರೆಸಿಕೊಂಡು ಒಳಗೆ ಹೋದನೋ ಇಲ್ಲವೋ, ನಾನು ಓಡಿದೆ. ಹೊಸ್ತಿಲಿನ ಒಣ ಕಲ್ಲಿನ ಮೇಲೆ ಅವನ ಎಡಗಾಲಿನ ಒದ್ದೆ ಹೆಜ್ಜೆ ಚಂದಾಗಿ ಮೂಡಿತ್ತು. ಜೇಬಿನಲ್ಲಿದ್ದ ಸೀಮೆಸುಣ್ಣದಿಂದ ಅದರ ಸುತ್ತ ಗೆರೆ ಎಳೆದು, ಉದ್ದಕ್ಕೊಂದು ಅಗಲಕ್ಕೊಂದು ದಾರ ಹಿಡಿದು, ಗಂಟು ಹಾಕಿ, ಜೇಬಿಗೆ ಸೇರಿಸಿದೆ. ದೊಡ್ಡ ಕಳ್ಳತನ ಮಾಡಿ ಗೆದ್ದವನ ಹಾಗೆ ಬೆವತುಹೋದೆ.

ಮನೆಗೆ ಬಂದು ತೊಗಲು ನೆನೆಯಲಿಟ್ಟೆ. ಪಾತ್ರೆ ಯಾವುದೆಂದು ನೋಡಲಿಲ್ಲ. ಅದು ಶೇವಂತಾಳ ತವರಿನ ತಾಮ್ರದ ಹಂಡೆ. ಆ ವಾಸನೆಗೆ ಓಣಿಯ ನಾಯಿಗಳೆಲ್ಲ ನಮ್ಮ ಕಟ್ಟೆಯ ಮುಂದೆ ಭಕ್ತಿಯಿಂದ ಕುಳಿತವು.  ಅವಳು ನನಗೆ ಎರಡು ಹೊತ್ತು ಬರೀ ಮಜ್ಜಿಗೆ ಅನ್ನ ಬಡಿಸಿದಳು. ಬಳಿಕ ನಾನು ಅಟ್ಟೆ ಕೊಯ್ದೆ. ಆಹಾ, ರಂಪಿಗೆ ಹಸಿ ತೊಗಲಿನೊಳಗೆ ಇಳಿದು ಸರ್ರನೆ ತಿರುಗುವಾಗಿನ ಆ ಸುಖ! ನನ್ನ ಮುತ್ತಜ್ಜನೇ ಹಿಂದೆ ನಿಂತು ಕೈ ಹಿಡಿದಿದ್ದಾನೆ ಎನಿಸಿತು. ಎರಡನ್ನೂ ಕೊಯ್ದು ಬಿಸಿಲಿಗಿಟ್ಟು ಹೆಂಡತಿಯನ್ನು ಕೂಗಿದೆ. ಅವಳು ನೋಡಿದಳು, ಸೆರಗು ಬಾಯಿಗಿಟ್ಟುಕೊಂಡಳು. "ಮಾಮಾಗ ಎರಡೂ ಎಡಗಾಲೇನ್ರಿ?" ಎಂದಳು. ಒಂದೇ ಮಾದರಿಯನ್ನು ತಿರುವಿ ಹಾಕದೆ ಎರಡು ಸಲ ಕೊಯ್ದಿದ್ದೆ. ಮುತ್ತಜ್ಜ ಆ ಹೊತ್ತಿಗೆ ಎದ್ದು ಹೋಗಿದ್ದನೆಂದು ಕಾಣುತ್ತದೆ.

ಮತ್ತೆ ತೊಗಲು ತಂದು, ಮತ್ತೆ ನೆನೆಸಿ (ಈ ಸಲ ಮಣ್ಣಿನ ಬಾನಿಯಲ್ಲಿ), ಬಲಗಾಲಿನದನ್ನು ಕೊಯ್ದೆ. ಹುಕ್ಕೇರಿಯ ಮಾವ ಕೊಟ್ಟ ಕರಕರದ ಬೀಜವನ್ನು ಅವರು ಹೇಳಿಕೊಟ್ಟ ಜಾಗದಲ್ಲೇ ಇಟ್ಟು ಎರಡನ್ನೂ ಹೊಲಿದೆ. ಬೆರಳಿಗೆ ಉಳಿ ಚುಚ್ಚಿಕೊಂಡು ಶಾಲೆಗೆ ಹೋದಾಗ ಹೆಡ್ ಮಾಸ್ತರರು "ಏನ್ರಿ ಇದು?" ಎಂದರು, ಬಾಗಿಲ ಸಂದಿಗೆ ಸಿಕ್ಕಿತು ಎಂದೆ. ಶೇವಂತಾ ಪಟ್ಟಿ ಹೆಣೆದು ಕೂಡಿಸಿದಳು. ಅದನ್ನು ನೋಡಿದವರು ಅಟ್ಟೆಯನ್ನೂ ಕ್ಷಮಿಸಬೇಕು, ಅಷ್ಟು ಚೆಲುವಾಗಿತ್ತು. ಕೊನೆಗೆ ಎಣ್ಣೆ ಹಚ್ಚುವುದು. "ಮ್ಯಾಲಷ್ಟ ಸವರ್ರಿ" ಎಂದು ಹೇಳಿ ಅವಳು ನೀರಿಗೆ ಹೋದಳು. ಅಪ್ಪನ ಪಾದಕ್ಕೆ ಮೆತ್ತಗಿರಲಿ ಎಂಬ ಪ್ರೀತಿ ನನ್ನಲ್ಲಿ ಉಕ್ಕಿ ಬಂತು. ಬಲಗಾಲಿನದಕ್ಕೆ ಮೇಲೆ, ಕೆಳಗೆ, ಹೊಲಿಗೆಯ ಸಂದಿಯಲ್ಲಿ, ಎಲ್ಲ ಕಡೆ ಔಡಲ ಎಣ್ಣೆ ಕುಡಿಸಿದೆ. ಎಡಗಾಲಿನದರ ಸರದಿ ಬರುವಷ್ಟರಲ್ಲಿ ಎಣ್ಣೆ ತೀರಿಹೋಗಿತ್ತು.

ಗ್ಯಾದರಿಂಗಿನ ದಿನ ಮುಂಜಾನೆ ಅಪ್ಪ ಮೂಡಲಗಿಗೆ ಬಂದ. ಜೋಡನ್ನು ಅವನ ಮುಂದಿಟ್ಟು, ಪರೀಕ್ಷೆಗೆ ಕುಳಿತ ಹುಡುಗನಂತೆ ನಿಂತೆ. ಅಪ್ಪ ಎತ್ತಿ ತಿರುವಿ ನೋಡಿದ. ಉಗುರಿನಿಂದ ಹೊಲಿಗೆ ಕೆರೆದ. ಎಡಗಾಲಿನದನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ.

"ಬೀಜ ಇಟ್ಟೀ ಏನು?"

"ಹೂಂ."

ಜೋಡನ್ನು ಕೆಳಗಿಟ್ಟ.  ಆಮೇಲೆ, "ಬಚ್ಚಲ ಹೊಸಲಿನ ಮ್ಯಾಲ ಸೀಮೆಸುಣ್ಣದ ಗೆರಿ ಅಳಸದ ಹಂಗ ಬಿಟ್ಟು ಬಂದಿದ್ದೆಲ್ಲೋ ಮಾಸ್ತರಾ" ಎಂದ. "ನೀ ಹಿಂದಿಂದ ಹಣಿಕಿ ಹಾಕಾಕತ್ತಿದ್ದು ನೋಡೇ ಕಾಲು ಗಟ್ಟಿ ಊರಿ ನಿಂತಿದ್ದೆ. ಇಲ್ಲಂದ್ರ ಹೆಜ್ಜಿ ಅಷ್ಟು ಚಂದ ಮೂಡತೈತೇನು?" ನಾನು ನಗಬೇಕೋ ಅಳಬೇಕೋ ತಿಳಿಯದೆ, ಪೆಂಡಾಲಿನ ಕೆಲಸವಿದೆ ಎಂದು ನೆವ ಹೇಳಿ ಶಾಲೆಗೆ ಓಡಿದೆ.

ಹೆಡ್ ಮಾಸ್ತರರು ಶಾಲೆಯ ವರದಿ ಓದುತ್ತಿದ್ದರು. ಪೆಂಡಾಲು ನಿಶ್ಶಬ್ದವಾಗಿತ್ತು. ಆಗ ಹಿಂದಿನಿಂದ ಕೇಳಿಸಿತು: ಕರ್ರ್!  ಮುಂದಿನ ಹೆಜ್ಜೆಗೆ ಕಾದೆ. ಏನೂ ಇಲ್ಲ. ಮತ್ತೆ ಕರ್ರ್! ಮತ್ತೆ ಏನೂ ಇಲ್ಲ. ಎಣ್ಣೆ ಕುಡಿದ ಬಲಗಾಲು ಬಾಯಿ ಬಿಡಲೊಲ್ಲದು! ಮಕ್ಕಳು ಕಿಸಕ್ಕೆಂದರು. ಬಹುಮಾನ ಪಡೆಯಲಿದ್ದ ಮೊಮ್ಮಗನ ಜೊತೆ ಬಂದಿದ್ದ ಲಕ್ಕಪ್ಪ ಹಿಂದಿನ ಸಾಲಿನಿಂದ, "ಒಂದು ಕಾಲ್ಮರಿ ಮಾತಾಡತೈತಿ, ಇನ್ನೊಂದು ಸಿಟ್ಟಾಗಿ ಕುಂತೈತಿ!" ಎಂದು ಕೂಗಿದ. ಪೆಂಡಾಲೆಲ್ಲ ನಕ್ಕಿತು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಈಗ ಅಪ್ಪ ಕಂಬದ ಹಿಂದೆ ಕುಳಿತುಬಿಡುತ್ತಾನೆ, ನನ್ನಿಂದಲೇ ಹೀಗಾಯಿತು ಎಂದು ಹಲ್ಲು ಕಚ್ಚಿದೆ.

ಅಪ್ಪ ಕುಳಿತುಕೊಳ್ಳಲಿಲ್ಲ. ಕಂಬ ದಾಟಿದ. ನಡುವಿನ ದಾರಿಯಲ್ಲಿ, ಸಾವಕಾಶ, ಲಕ್ಕಪ್ಪನ ಕಡೆ ಮೀಸೆ ತಿರುವುತ್ತ ಮುಂದೆ ಬಂದ. ಹೆಡ್ ಮಾಸ್ತರರು ವರದಿ ನಿಲ್ಲಿಸಿ, "ಬರ್ರಿ ಕಾಕಾ, ಇಲ್ಲಿ ಬರ್ರಿ" ಎಂದು ಕುರ್ಚಿ ತೋರಿಸಿದರು. ಅಪ್ಪ ಕುಳಿತು ಕಾಲ ಮೇಲೆ ಕಾಲು ಹಾಕಿದ. ಮೇಲಿನದು ಎಡಗಾಲು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಮಕ್ಕಳು ನೋಡದಿರಲೆಂದು ಪರದೆಯ ಹಗ್ಗ ಸರಿಮಾಡುವವನಂತೆ ತಿರುಗಿ ನಿಂತೆ.

ಅಂದು ಸಂಜೆ, "ಯಪ್ಪಾ, ಬಲಗಾಲಿಂದು ಕೊಡು, ಬಿಚ್ಚಿ ಸರಿ ಮಾಡ್ತೇನಿ" ಎಂದು ಕೈ ಚಾಚಿದೆ. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.

"ಮುಟ್ಟಬ್ಯಾಡ. ಎರಡೂ ಮಾತಾಡಿದ್ರ ಮಂದಿ ಇದು ನನ್ನ ಕೈಕೆಲಸ ಅಂತಾರ. ಒಂದ ಮಾತಾಡಿದ್ರ ನನ್ನ ಮಗ ಹೊಲದಾನು ಅಂತ ಕೇಳಿದವ್ರಿಗೆಲ್ಲಾ ತಿಳೀತೈತಿ."

ಅಂದಿನಿಂದ ಆ ಜೋಡು ಅವನ ಕಾಲು ಬಿಟ್ಟಿಲ್ಲ. ಗೋಕಾಕದ ಪೇಟೆಯಲ್ಲಿ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅವನು ನಡೆದಲ್ಲೆಲ್ಲ ನನ್ನ ದಡ್ಡತನ ಊರಿಗೆ ಸಾರಿಕೊಂಡು ಹೋಗುತ್ತದೆ. ಹೆಡ್ ಮಾಸ್ತರರು ಹರಿದ ಚೀಲವನ್ನು ಈಗ ತಾವೇ ಪೇಟೆಗೆ ಒಯ್ಯುತ್ತಾರೆ. ನನಗೂ ಒಂದು ಕರಕರದ ಜೋಡು ಬೇಕೆಂದು ಶೇವಂತಾಳನ್ನು ಕೇಳಿದರೆ, "ನಿಮಗ ಯಾಕ್ರಿ ಸಪ್ಪಳ, ಬಾಯಿ ಐತೆಲ್ಲಾ" ಎನ್ನುತ್ತಾಳೆ. ಆದರೂ ಕೆಲವು ರವಿವಾರ ನಾನು ಚಹಾ ಕುಡಿಯುತ್ತ ಕುಳಿತಾಗ ಓಣಿಯ ತಿರುವಿನಲ್ಲಿ ಕರ್ರ್ ಎನ್ನುತ್ತದೆ, ನಡುವೆ ಒಂದು ಹೆಜ್ಜೆ ಸುಮ್ಮನಿರುತ್ತದೆ, ಮತ್ತೆ ಕರ್ರ್ ಎನ್ನುತ್ತದೆ. ನನ್ನ ತಪ್ಪು ಮನೆಗೆ ಬರುತ್ತಿದೆ ಎಂದು ತಿಳಿದು, ಕಪ್ಪು ಕೆಳಗಿಟ್ಟು, ಓಡಿಹೋಗಿ ಬಾಗಿಲು ತೆಗೆಯುತ್ತೇನೆ.