ಕೂದಲೆಳೆಯಷ್ಟೂ ತಪ್ಪದ ಕೌದಿ

ಮೊದಲಿಗೇ ಹೇಳಿಬಿಡುತ್ತೇನೆ, ನನಗೆ ಹೊಲಿಗೆ ಬರುತ್ತದೆ. ಈ ಒಂದು ಮಾತನ್ನು ನಾನು ಅಕ್ಕನಿಗೆ ಫೋನಿನಲ್ಲಿ ಹೇಳದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ನಾನು ರುದ್ರಪ್ಪ. ಹರಿಹರದ ಪಕ್ಕ ಕಡರನಾಯಕನಹಳ್ಳಿಯವನು. ಲೇತ್ ಮಷೀನಿನ ಮುಂದೆ ನಿಂತು ಕಬ್ಬಿಣ ಕೊರೆಯುವ ಟರ್ನರ್ ಕೆಲಸ ಕಲಿತು, ಆ ಕೆಲಸದ ಬೆನ್ನು ಹಿಡಿದು ಫ್ರಾನ್ಸಿನ ಒಂದು ಹಳ್ಳಿಗೆ ಹೋಗಿ, ಮೂವತ್ತು ವರ್ಷ ದುಡಿದು ಅಲ್ಲೇ ನಿವೃತ್ತನಾದೆ. ಎಲ್ಲರಿಗೂ ಎಲ್ಲರ ನಾಯಿಯ ಹೆಸರು ಗೊತ್ತಿರುವಷ್ಟು ಸಣ್ಣ ಊರು. ಅವರ ನಾಲಿಗೆಗೆ ನಮ್ಮ 'ರ' ಹೊರಳುವುದಿಲ್ಲವಾದ್ದರಿಂದ ಅಲ್ಲಿ ನಾನು ಮಿಸ್ಯೂ ಹುದ್ಹಪ್ಪ.

ನಿವೃತ್ತಿಯಾದ ಮೇಲೆ ನನ್ನ ದಿನಚರಿ ಬಹಳ ಸರಳವಾಗಿತ್ತು. ಬೆಳಗ್ಗೆ ಎದ್ದು ಮೊಳದುದ್ದದ ಬ್ರೆಡ್ ತರುವುದು, ಇಪ್ಪತ್ತು ವರ್ಷದ ಹಿಂದೆ ದಾವಣಗೆರೆಯಿಂದ ಒಯ್ದ ನೀಲಿ ಚೌಕಳಿ ಲುಂಗಿ ಉಟ್ಟು ಟೊಮೆಟೊ ಗಿಡಕ್ಕೆ ನೀರು ಬಿಡುವುದು. ಆಮೇಲೆ ಗಡಿಯಾರ ನೋಡಿದರೆ ಒಂಬತ್ತೂವರೆ! ಮಾಡಲು ಕೆಲಸವಿಲ್ಲದೆ ಅಡುಗೆಮನೆಗೆ ಹೋಗಿ ಹೆಂಡತಿ ಗಿರಿಜಾಳ ಮಸಾಲೆ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸತೊಡಗಿದೆ. ಮೂರನೆಯ ದಿನ ಅವಳು ಕೈ ಮುಗಿದಳು.

"ನಿಮ್ ಕಾಲಿಗೆ ಬೀಳ್ತೀನಿ, ಎಲ್ಲಿಗಾದ್ರೂ ಹೋಗ್ರಿ."

ಹೋದೆ. ಊರಿನ ಸಭಾಂಗಣದಲ್ಲಿ ಪ್ರತಿ ಮಂಗಳವಾರ ಹನ್ನೊಂದು ಹೆಂಗಸರು ಕೂತು ಬಟ್ಟೆಯ ತುಂಡು ಜೋಡಿಸಿ ಕ್ವಿಲ್ಟ್ ಹೊಲಿಯುತ್ತಿದ್ದರು. ನೋಡಿದರೆ ನಮ್ಮ ಕೌದಿಯೇ! ಅಕ್ಕನ ತೊಡೆಯ ಪಕ್ಕ ಕೂತು ಎಷ್ಟು ನೋಡಿಲ್ಲ ನಾನು? ಹನ್ನೆರಡನೆಯವನಾಗಿ ಸೇರಿಕೊಂಡೆ. ಕಬ್ಬಿಣವನ್ನು ಕೂದಲೆಳೆ ತಪ್ಪದಂತೆ ಕೊರೆದ ಕೈಗೆ ಬಟ್ಟೆ ಯಾವ ಲೆಕ್ಕ? ಚಕ್ರದಂತೆ ಉರುಳಿ ಕತ್ತರಿಸುವ ಬ್ಲೇಡು, ಗೆರೆ ಗೆರೆಯ ರಬ್ಬರ್ ಹಲಗೆ, ಉಕ್ಕಿನ ಅಳತೆಪಟ್ಟಿ ಎಲ್ಲ ಕೊಂಡೆ. ಸಾಲದೆಂದು ಕೂದಲೆಳೆಯ ದಪ್ಪವನ್ನೂ ಅಳೆಯುವ ನನ್ನ ಹಳೆಯ ವರ್ನಿಯರ್ ಕ್ಯಾಲಿಪರ್ ಕೂಡ ಒಯ್ಯುತ್ತಿದ್ದೆ. ಸಂಘದ ಅಧ್ಯಕ್ಷೆ ಮದಾಮ್ ಒದೀಲ್ ನನ್ನ ಚೌಕಗಳನ್ನು ಬೆಳಕಿಗೆ ಹಿಡಿದು ನಿಟ್ಟುಸಿರು ಬಿಡುತ್ತಿದ್ದರು. ಗಿರಿಜಾ ಮಾತ್ರ ಒಂದು ಸಲವೂ ಹೊಗಳಲಿಲ್ಲ.

"ಚಲೋ ಇರೋ ಬಟ್ಟೆ ತಂದು, ಹರಿದು, ಮತ್ತೆ ಹೊಲಿಯೋದು ಯಾವ ಶಾಣ್ಯಾತನರೀ?"

ಕಲೆ ಎಲ್ಲರಿಗೂ ಅರ್ಥವಾಗುವುದಿಲ್ಲ ಎಂದು ನಾನು ಮುಂದಿನ ಚೌಕ ಕತ್ತರಿಸಿದೆ.

ಆಗ ಬಂತು ಅಕ್ಕನ ಫೋನು. ನೀಲಮ್ಮಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು. ಅವಳ ಮೊಮ್ಮಗಳು ಸುಮಾಳಿಗೆ ಗಂಡು ಮಗು ಆಗಿತ್ತು. ಸಂತೋಷದ ಸುದ್ದಿ ಹೇಳಿ ಮುಗಿಸಿದ ಮೇಲೂ ಅಕ್ಕ ಫೋನ್ ಇಡಲಿಲ್ಲ.

"ಈ ಸಲ ಕೂಸಿಗೆ ಕೌದಿ ಇಲ್ಲ ನೋಡು ತಮ್ಮಾ. ಕೈ ನಡಗ್ತಾವೆ, ಸೂಜಿ ನಿಲ್ಲಂಗಿಲ್ಲ. ಈ ಮನ್ಯಾಗೆ ಕೌದಿ ಇಲ್ದಂಗೆ ಒಂದ್ ಕೂಸೂ ತೊಟ್ಲು ಏರಿಲ್ಲ."

"ನನಗೆ ಹೊಲಿಗೆ ಬರ್ತೈತಕ್ಕ! ನಾನು ಹೊಲಿದು ಕೊಡ್ತೀನಿ!" ಎಂದೆ.

ಆ ಕಡೆ ಅಕ್ಕ ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ.

ತೊಟ್ಟಿಲ ಶಾಸ್ತ್ರಕ್ಕೆ ಮೂರು ವಾರ ಇರುವಾಗಲೇ ಬಂದು ಹರಿಹರದಲ್ಲಿ ಗಿರಿಜಾಳ ತವರಿನ ಮಹಡಿಯಲ್ಲಿ ಠಿಕಾಣಿ ಹೂಡಿದೆವು. "ಅಕ್ಕಾರ್ನ ಒಂದ್ ಮಾತು ಕೇಳ್ರಿ" ಎಂದಳು ಗಿರಿಜಾ. "ಕೇಳಿದರೆ ಸರ್‌ಪ್ರೈಸ್ ಎಲ್ಲಿ ಉಳೀತು?" ಎಂದು ನಾನು ದಾವಣಗೆರೆಯ ಬಸ್ಸು ಹತ್ತಿದೆ.

ಬಟ್ಟೆ ಅಂಗಡಿಯವರು ಗಾದಿಯ ಮೇಲೆ ಕೂರಿಸಿದರು. ಹನ್ನೆರಡು ಬಣ್ಣದ ಕಾಟನ್ ಬಟ್ಟೆ, ಒಂದೊಂದು ಅರ್ಧ ಮೀಟರ್ ಎಂದೆ.

"ಬ್ಲೌಸಿಗೇನ್ರಿ?"

"ಅಲ್ಲ, ಕೌದಿಗೆ."

ಅಂಗಡಿಯವರು ಮೀಟರ್ ಕಡ್ಡಿ ಕೆಳಗಿಟ್ಟರು. ಒಳಗಿದ್ದ ತಮ್ಮ ಅಣ್ಣನನ್ನು ಕರೆದರು. ಅಣ್ಣ ಬಂದು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. "ಕೌದಿಗೆ ಹೊಸಾ ಬಟ್ಟೆ?" ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ತಕ್ಷಣ ಚಹಾ ತರಿಸಿದರು. ಅದು ಮರ್ಯಾದೆಗೋ ಮರುಕಕ್ಕೋ ನನಗೆ ಇವತ್ತಿಗೂ ಗೊಂದಲವಿದೆ.

ಎರಡು ವಾರ ಹಗಲೆಲ್ಲ ಬಗ್ಗಿ ಕೂತು ಹೊಲಿದೆ. ನಡುವೆ ಎಂಟು ಮೂಲೆಯ ದೊಡ್ಡ ನಕ್ಷತ್ರ, ಸುತ್ತ ಸಣ್ಣ ನಕ್ಷತ್ರಗಳು. ಅಳತೆಯ ಉತ್ಸಾಹದಲ್ಲಿ ಕೂಸಿನ ಕೌದಿ ಬೆಳೆದು ಬೆಳೆದು ಕೂಸಿನ ಅಪ್ಪನಿಗೂ ಸಾಕಾಗುವಷ್ಟಾಯಿತು. ಆದರೆ ಯಾವ ಮೂಲೆಯೂ ಕೂದಲೆಳೆಯಷ್ಟು ತಪ್ಪಿರಲಿಲ್ಲ. ಗುರುವಾರ ಅದನ್ನು ಬಗಲಲ್ಲಿಟ್ಟುಕೊಂಡು ಒಬ್ಬನೇ ನಮ್ಮ ಹಳ್ಳಿಗೆ ಹೋಗಿ ಅಕ್ಕನ ಪಡಸಾಲೆಯಲ್ಲಿ ಬಿಚ್ಚಿ ಹಾಸಿದೆ. ಅಕ್ಕ ಕೈಯಾಡಿಸಿದಳು. ತಿರುಗಿಸಿ ನೋಡಿದಳು.

"ಭಾಳ ಚೆಂದ ಐತೆ ತಮ್ಮಾ. ಗ್ವಾಡಿಗೆ ತೂಗಹಾಕಾದಾ?"

"ಅಲ್ಲಕ್ಕ, ಕೂಸಿಗೆ."

"ಹಂಗೇನು? ಮತ್ತೆ ಕೌದಿ ಎಲ್ಲಿ?"

"ಇದೇ ಕೌದಿ!"

ಅಕ್ಕ ನನ್ನನ್ನು ನೋಡಿದಳು. ನಾನು ಅಕ್ಕನನ್ನು ನೋಡಿದೆ. ಇಬ್ಬರಿಗೂ ಏನೂ ತಿಳಿಯಲಿಲ್ಲ.

"ಹೊಸ ಅರಿವಿ ಕೂಸಿನ ಮೈಗೆ ಚುಚ್ಚುತೈತೋ. ಉಟ್ಟು ಉಟ್ಟು ಮೆತ್ತಗಾಗಿರ್ಬೇಕು. ಬಾಳಿ ಬದುಕಿದೋರ ಮೈಮ್ಯಾಗೆ ಸವದಿರ್ಬೇಕು. ಅದ್ರಾಗೆ ಮಲಗಿದ್ರೆ ಕೂಸಿಗೂ ಅಷ್ಟು ಆಯಸ್ಸು ಅಂತ. ಅದಕ್ಕೇ ಅಲ್ಲೇನು ಕೌದಿ ಅನ್ನಾದು?" ಎಂದಳು. ನನ್ನ ಮುಖ ನೋಡಿ, "ಹೋಗ್ಲಿ ಬಿಡು. ಅಂಗಡ್ಯಾಗೆ ಒಂದ್ ಹಾಸಿಗಿ ತಂದ್ರಾತು" ಎಂದು ಆ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಸೋಮವಾರ ಅಲ್ವಾ ಶಾಸ್ತ್ರ? ಇನ್ನೂ ಟೈಮ್ ಐತೆ! ನಿನ್ನ ಹಳೇ ಸೀರೆ ಕೊಡು."

"ಎಲ್ಲಾ ಮೊನ್ನೆ ಪಾತ್ರೆಯಾಕೆಗೆ ಹಾಕಿ ದಬರಿ ತಗಂಡೆ. ನಿಮ್ಮವು ಯಾವೂ ಇಲ್ಲೇನು?"

"ನಾವು ಹಳೇದನ್ನ ಇಟ್ಕೊಳ್ಳೋದೇ ಇಲ್ಲಕ್ಕ" ಎಂದು ಹೆಮ್ಮೆಯಿಂದ ಹೇಳಿದೆ.

ಶುಕ್ರವಾರ ಬೆಳಗ್ಗೆ ಇಸ್ತ್ರಿ ಪ್ಯಾಂಟು, ಟೋಪಿ, ಹೆಗಲಿಗೊಂದು ಚೀಲ ಹಾಕಿಕೊಂಡು ಹಳ್ಳಿಯ ಮನೆ ಮನೆ ತಿರುಗಿದೆ. "ಹಳೇ ಬಟ್ಟೆ ಇದ್ರೆ ಕೊಡ್ರಿ." ಮೊದಲ ಮನೆಯಾಕೆ ನನ್ನ ಚೀಲದೊಳಗೆ ಇಣುಕಿ, "ಪಾತ್ರೆ ಎಲ್ಲೈತಪ್ಪ? ಪಾತ್ರೆ ಇಲ್ದೆ ಬಟ್ಟೆ ಯಾರ್ ಕೊಡ್ತಾರೆ?" ಎಂದಳು. ಎರಡನೆಯ ಮನೆಯ ಮುದುಕಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಫ್ರಾನ್ಸಿನಾಗೆ ಏನಾರ ತೊಂದ್ರಿ ಆತೇನು? ಮುಚ್ಚಿಡಬ್ಯಾಡ" ಎಂದು ಕಣ್ಣು ತುಂಬಿಕೊಂಡು ಒಂದು ಸೇರು ಅಕ್ಕಿ ಹಾಕಿಸಿದ. ಕೌದಿಗೆ ಎಂದು ಹೇಳಿದರೂ ನಂಬಲಿಲ್ಲ. ಮೂರನೆಯ ಮನೆಯವರು, "ನಿಮ್ಮಂಥೋರಿಗೆ ಹಳೇದು ಹೆಂಗ್ ಕೊಡಾದ್ರೀ? ಬರ್ರಿ, ಕೂಡ್ರಿ" ಎಂದು ತಾಂಬೂಲದ ಜೊತೆ ಹೊಚ್ಚ ಹೊಸ ಟವೆಲ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಚೀಲದಲ್ಲಿ ಮೂರು ಹೊಸ ಟವೆಲ್, ಎರಡು ಹೊಸ ಖಣ, ಅಕ್ಕಿ, ಒಂದು ತೆಂಗಿನಕಾಯಿ ಇದ್ದವು. ಹಳೆಯ ಬಟ್ಟೆ? ಒಂದು ಚಿಂದಿಯೂ ಇಲ್ಲ!

ಮೊದಲ ಮನೆಯಾಕೆಯ ಮಾತೇ ಸರಿ, ಪಾತ್ರೆ ಬೇಕು ಎಂಬ ತೀರ್ಮಾನಕ್ಕೆ ಬಂದೆ. ಹರಿಹರದ ಮನೆಯ ಅಟ್ಟದಲ್ಲಿ ಎರಡು ಗೋಣಿಚೀಲ ಸ್ಟೀಲ್ ಪಾತ್ರೆಗಳು ನಮ್ಮ ಮದುವೆಯಾದಾಗಿನಿಂದ ಧೂಳು ತಿನ್ನುತ್ತಿದ್ದವು. ಶನಿವಾರ ಗಿರಿಜಾ ದಾವಣಗೆರೆಗೆ ಹೋದ ಸಮಯ ನೋಡಿ ಆಟೋಗೆ ಹೇರಿಕೊಂಡು ಬಂದೆ. ಟರ್ನರ್ ನೋಡಿ ನಾನು, ಒಂದೊಂದನ್ನೂ ಬೆರಳಿನಿಂದ ಬಡಿದು ದಪ್ಪ ಪರೀಕ್ಷಿಸಿದೆ. ದಪ್ಪ ನೋಡಿದೆನೇ ಹೊರತು ಬೇರೇನನ್ನೂ ನೋಡಲಿಲ್ಲ.

ಅಕ್ಕನ ಕಣ್ಣಿಗೆ ಬೀಳದಂತೆ ಊರ ಬೇವಿನಕಟ್ಟೆಯ ಮೇಲೆ ಪಾತ್ರೆ ಹರಡಿ ಕೂತೆ. ಪುಣ್ಯಕ್ಕೆ ಹೆಂಗಸರು ಬಂದರು. ಅಕ್ಕನ ಪಕ್ಕದ ಮನೆ ಗಂಗಮ್ಮ ಎರಡು ಸೀರೆ ತಂದಿದ್ದಳು. ಆಹಾ, ಎಂಥ ಸೀರೆಗಳು! ಬೆಣ್ಣೆಯಂತೆ ಸವೆದಿದ್ದವು!

"ಎರಡು ಸೀರಿಗೆ ಒಂದೇ ತಟ್ಟಿನಾ? ಒಂದ್ ಲೋಟ ಸೇರ್ಸು" ಎಂದಳು. ಸೇರಿಸಿದೆ. ಗಂಗಮ್ಮ ತೂತು ಗೀತು ಇದೆಯೇ ಎಂದು ತಟ್ಟೆಯನ್ನು ಬಿಸಿಲಿಗೆ ಹಿಡಿದಳು. ಹಿಡಿದವಳು ಇಳಿಸಲೇ ಇಲ್ಲ. ಅಂಚಿನಲ್ಲಿ ಕೊರೆದ ಅಕ್ಷರಗಳನ್ನು ಒಂದೊಂದಾಗಿ ಓದಿದಳು. "ವಧೂವರರಿಗೆ... ಗಂಗಮ್ಮನಿಂದ..."

ನಾನು ಮೆಲ್ಲಗೆ ಉಳಿದ ತಟ್ಟೆಗಳನ್ನು ಬೋರಲು ಹಾಕತೊಡಗಿದೆ.

"ಶಿವನೇ! ನಾನು ನಿನ್ ಮದುವೀಗೆ ಮುಯ್ಯಿ ಮಾಡಿದ್ ತಟ್ಟೆ ಇದು! ಒಂದಿನಾನೂ ಉಂಡಿಲ್ಲ ಇದ್ರಾಗೆ, ಸ್ಟಿಕ್ಕರ್ ಸೈತ ಹಂಗೇ ಐತೆ! ಈಗ ನನಗೇ ಮಾರಾಕೆ ಬಂದೀಯಲ್ಲೋ ಮಾರಾಯ!"

"ಮಾರ್ತಿಲ್ಲ ಗಂಗಮ್ಮ, ಬದಲಾಯಿಸ್ತಿದೀನಿ..."

ಆ ಮಾತು ಆಡಬಾರದಿತ್ತು. "ನಮ್ಮತ್ತೆ ಕೊಟ್ಟಿದ್ ಚೊಂಬು ಇತ್ತಲ್ಲ, ಎಲ್ಲೈತೆ?" ಎಂದು ಒಬ್ಬಳು ಮುಂದೆ ಬಂದಳು. "ನಮ್ ಅಪ್ಪಾರ ಹೆಸ್ರಿಂದು ಹರಿವಾಣ!" ಎಂದಳು ಇನ್ನೊಬ್ಬಳು. ಇಡೀ ಓಣಿಯೇ ಬಂದು ಹೆಸರು ಓದಿ ಓದಿ ತಂತಮ್ಮ ಮುಯ್ಯಿ ವಾಪಸ್ ಒಯ್ದಿತು. ಗಂಗಮ್ಮ ತಟ್ಟೆಯನ್ನೂ ಒಯ್ದಳು, ಎರಡೂ ಸೀರೆಗಳನ್ನೂ ಒಯ್ದಳು, ಸೇರಿಸಿದ ಲೋಟವನ್ನೂ ಬಿಡಲಿಲ್ಲ. ಕಟ್ಟೆಯ ಮೇಲೆ ಉಳಿದವರು ಇಬ್ಬರು. ನಾನು ಮತ್ತು ಹೆಸರಿಲ್ಲದ ಒಂದು ಸೌಟು.

ಸುದ್ದಿ ನನಗಿಂತ ಮೊದಲು ಹರಿಹರ ಮುಟ್ಟಿತ್ತು. ಗಿರಿಜಾ ಬಾಗಿಲಲ್ಲೇ ನಿಂತಿದ್ದಳು.

"ನನ್ ಮದುವೆ ಪಾತ್ರೆ ಕಟ್ಟೆ ಮ್ಯಾಲೆ ಇಟ್ಕಂಡು ಮಾರಿದ್ರಂತೆ?"

"ಸುಳ್ಳು. ಒಂದೂ ಮಾರಿಲ್ಲ. ಎಲ್ಲಾ ಸುಮ್ನೆ ಕೊಟ್ಟೆ."

ಅವಳು ಮರುದಿನದವರೆಗೆ ಮಾತಾಡಲಿಲ್ಲ.

ಭಾನುವಾರ ಬೆಳಗ್ಗೆ ಶಾಸ್ತ್ರದ ತಯಾರಿಗೆಂದು ಇಬ್ಬರೂ ಅಕ್ಕನ ಮನೆಗೆ ಹೋದೆವು. ಸೂಟ್‌ಕೇಸು ಸಂಜೆ ಭಾವಮೈದುನನ ಕಾರಿನಲ್ಲಿ ಬರುವುದಿತ್ತು. ಕಟ್ಟೆಯ ಧೂಳು ಮೆತ್ತಿದ್ದ ನನ್ನ ಪ್ಯಾಂಟನ್ನು ಗಿರಿಜಾ ಬಂದವಳೇ ನೆನೆಹಾಕಿದಳು. ಕೈಚೀಲದಲ್ಲಿದ್ದ ಲುಂಗಿ ಉಟ್ಟು, ಪಡಸಾಲೆಯ ಕಂಬಕ್ಕೆ ಒರಗಿ, ತಲೆ ಮೇಲೆ ಕೈಹೊತ್ತು ಕೂತೆ.

"ಊರೆಲ್ಲಾ ತಿರುಗಿದೆ ಅಕ್ಕ. ಒಂದ್ ತುಂಡು ಹಳೇ ಬಟ್ಟೆ ಸಿಗಲಿಲ್ಲ. ನಿನ್ ಮರ್ಯಾದೇನೂ ಕಳೆದೆ" ಎಂದೆ. ನಿಜವಾಗಿಯೂ ಅಳು ಬಂದಿತ್ತು.

ಅಕ್ಕನ ಕಣ್ಣು ನನ್ನ ಮೊಣಕಾಲ ಮೇಲಿತ್ತು. ಹತ್ತಿರ ಬಂದು ಲುಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದಳು.

"ಇದು ಎಷ್ಟು ವರ್ಷದ್ದು?"

"ಇಪ್ಪತ್ತು ವರ್ಷದ್ದು ಅಕ್ಕಾರೇ!" ಗಿರಿಜಾ ಮೌನವ್ರತ ಮುರಿದು ಓಡಿ ಬಂದಳು. "ಎಸೀರಿ ಎಸೀರಿ ಅಂತ ಬಡ್ಕಂಡೆ. ಆರು ಸಲ ಕಸದ ಡಬ್ಬಿಗೆ ಹಾಕೀನಿ. ಆರು ಸಲಾನೂ ತಗಂಡು ಬಂದಾರೆ!"

"ಬಾಳಿ ಬದುಕಿದೋನು ನನ್ ತಮ್ಮನೂ ಅಲ್ಲೇನು?" ಎಂದಳು ಅಕ್ಕ. "ಅಷ್ಟ್ ದೂರ ಹೋಗಿ ಗಟ್ಟಿಯಾಗಿ ಇದ್ದು ಬಂದಾನೆ. ಬಿಚ್ಚು."

"ಈಗಾ?"

"ಮತ್ಯಾವಾಗ? ತೊಟ್ಲಾಗೆ ಹಾಕಿದ್ ಮ್ಯಾಲಾ?"

ಪ್ಯಾಂಟು ಬಕೆಟ್ಟಿನಲ್ಲಿತ್ತು. ಉಳಿದ ಬಟ್ಟೆ ಹರಿಹರದಲ್ಲಿತ್ತು. ಗಿರಿಜಾ ಸುತ್ತಲೂ ನೋಡಿ ಗೂಟದಿಂದ ಏನನ್ನೋ ತೆಗೆದು ನನ್ನ ಕೈಗಿಟ್ಟಳು. ಗುರುವಾರ ನಾನು ಅಲ್ಲೇ ಬಿಟ್ಟುಹೋಗಿದ್ದ ಎಂಟು ಮೂಲೆಯ ನಕ್ಷತ್ರದ ಕೌದಿ!

ಅಕ್ಕ ಬಾಗಿಲಲ್ಲಿ ನಿಂತು, "ಕೂಸಿಗೆ ಕೌದಿ ಹಾಕ್ತೀವಿ, ಬರ್ರೇ" ಎಂದು ಒಂದೇ ಒಂದು ಕೂಗು ಹಾಕಿದಳು. ಅಷ್ಟೇ! ಏಳು ಹೆಂಗಸರು ಬಂದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಳೆಯ ಸೀರೆಯ ತುಂಡು. ಎಲ್ಲರಿಗಿಂತ ಮುಂದೆ ಗಂಗಮ್ಮ, ಅದೇ ಬೆಣ್ಣೆಯಂಥ ಸೀರೆಯನ್ನು ಹಿಡಿದುಕೊಂಡು. ಎರಡು ದಿನ ಊರೆಲ್ಲ ಬೇಡಿದವನಿಗೆ ಸಿಗದ್ದು ಒಂದು ಕೂಗಿಗೆ ಬಂತು. ಹೊಲಿಯಲು ಕರೆಯಬೇಕಿತ್ತು, ಬಟ್ಟೆ ಕೇಳುವುದಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಗಂಗಮ್ಮ ಮೂಲೆಯಲ್ಲಿ ನಕ್ಷತ್ರ ಸುತ್ತಿಕೊಂಡು ನಿಂತಿದ್ದ ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಈಗ ಸರಿಯಾದ್ ಜಾಗಕ್ಕೆ ಬಂತು ನೋಡು ನಿನ್ ಕೌದಿ. ಇನ್ನಿಪ್ಪತ್ತು ವರ್ಷ ಉಡು. ಮೆತ್ತಗಾತಂದ್ರೆ ಈ ಕೂಸಿನ ಕೂಸಿಗೆ ಆಗ್ತೈತೆ."

ಅಳತೆಯಿಲ್ಲ, ಗೆರೆಯಿಲ್ಲ. ಲುಂಗಿಯನ್ನು ಮಡಚಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಅಂಚಿನಿಂದ ಒಳಮುಖವಾಗಿ ಏಳು ಸೂಜಿಗಳು ಓಡಿದವು. ನನಗೆ ಸೂಜಿಗೆ ದಾರ ಪೋಣಿಸುವ ಕೆಲಸ ಕೊಟ್ಟರು. ಒಂದು ಕೈ ಸೊಂಟದ ನಕ್ಷತ್ರವನ್ನು ಹಿಡಿದಿದ್ದರಿಂದ ನಾಲ್ಕನೆಯ ಸಲವೂ ದಾರ ಪಕ್ಕಕ್ಕೆ ಹೋದಾಗ ಗಂಗಮ್ಮ ಅದನ್ನೂ ಕಿತ್ತುಕೊಂಡಳು. ಇಳಿಹೊತ್ತಿಗೆ ಕೌದಿ ಮುಗಿಯಿತು. ಕೌದಿ ಹಸಿದಿರಬಾರದೆಂಬ ನಂಬಿಕೆಯಿಂದ ಅದರ ಕೊನೆಯ ಮೂಲೆಯೊಳಗೆ ನಾಲ್ಕು ಕಾಳು ಅಕ್ಕಿ ಹಾಕಿದರು. ನಾನು ಬೇಡಿ ತಂದಿದ್ದ ಅಕ್ಕಿ! ಕೊನೆಯ ಹೊಲಿಗೆಯನ್ನು ಅಕ್ಕ ನಡುಗುವ ಕೈಯಲ್ಲೇ ಹಾಕಿದಳು. ಅದು ಸೊಟ್ಟಗಿತ್ತು. ಇಡೀ ಕೌದಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದೇ.

ಸೋಮವಾರ ಕೂಸು ತೊಟ್ಟಿಲೇರಿತು. ನನ್ನ ಲುಂಗಿಯ ಮೇಲೆ ಮಲಗಿ ಒಂದು ಸಲ ಮೈ ಮುರಿದು, ಅದನ್ನು ಒದ್ದೆ ಮಾಡಿ, ಸುಖವಾಗಿ ನಿದ್ದೆ ಹೋಯಿತು. ಅಕ್ಕ ತೊಟ್ಟಿಲು ತೂಗುತ್ತಾ ನನ್ನ ಕಡೆ ನೋಡಿ ನಕ್ಕಳು. ಮೂವತ್ತು ವರ್ಷ ದೂರವಿದ್ದವನಿಗೆ ಆ ನಗು ಸಾಕಾಯಿತು.

ಈಗ ಮತ್ತೆ ಫ್ರಾನ್ಸಿನಲ್ಲಿದ್ದೇನೆ. ಹೋದ ಮಂಗಳವಾರ ಮದಾಮ್ ಒದೀಲ್ ಎಲ್ಲರೆದುರಿಗೆ ಕೇಳಿದರು, "ಮಿಸ್ಯೂ ಹುದ್ಹಪ್ಪ, ನಿಮ್ಮ ನಕ್ಷತ್ರದ ಕ್ವಿಲ್ಟ್ ಶಾಸ್ತ್ರದಲ್ಲಿ ಉಪಯೋಗವಾಯಿತೇ?"

"ಆಯಿತು ಮದಾಮ್" ಎಂದೆ ಗಂಭೀರವಾಗಿ. "ಶಾಸ್ತ್ರದ ಹಿಂದಿನ ದಿನ ಕುಟುಂಬದ ಹಿರಿಯರೊಬ್ಬರು ಅದನ್ನು ಧರಿಸಿದ್ದರು."

ಹನ್ನೊಂದು ಹೆಂಗಸರೂ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಈಗ ಲುಂಗಿ ಇಲ್ಲ. ಬೆಳಗ್ಗೆ ನಕ್ಷತ್ರದ ಕೌದಿಯನ್ನೇ ಸೊಂಟಕ್ಕೆ ಸುತ್ತಿಕೊಂಡು ಟೊಮೆಟೊಗೆ ನೀರು ಬಿಡುತ್ತೇನೆ. ಇನ್ನು ಹತ್ತೊಂಬತ್ತು ವರ್ಷ, ಹನ್ನೊಂದು ತಿಂಗಳು ಸವೆಸಬೇಕು. ಸೊಂಟಕ್ಕಂತೂ ಕೂದಲೆಳೆಯಷ್ಟೂ ತಪ್ಪಿಲ್ಲ!